ಸೋತವರಿಗೆ ಪಾಯಿಂಟ್ ಬೇಡ, ಗೆದ್ದವರು ಸ್ವಲ್ಪ ಕಾಲ ಕೂರಲಿ

ಪ್ರಶ್ನೆ: ನಾನು ಸಕಲೇಶಪುರದ ಕಡೆಯವನು. ಹನ್ನೆರಡು ವರ್ಷದಿಂದ ಅಮೆರಿಕದ ಅರಿಜೋನಾದಲ್ಲಿದ್ದೇನೆ. ಇಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಗೆ ಲಾಟರಿ ಎತ್ತಿ ಪರ್ಮಿಟ್ ಕೊಡುತ್ತಾರೆ. ಐದು ವರ್ಷ ಬಿಡದೆ ಅರ್ಜಿ ಹಾಕಿದೆ, ಹಂಟರ್ ಎಜುಕೇಶನ್ ಕೋರ್ಸನ್ನೂ ಮುಗಿಸಿದೆ. ಒಂದು ಸಲವೂ ನನ್ನ ಹೆಸರು ಬರಲಿಲ್ಲ. ಆಫೀಸಿನ ಹುಡುಗನೊಬ್ಬನಿಗೆ ಮೊದಲ ಅರ್ಜಿಗೇ ಬಂತು! ಇದು ನ್ಯಾಯವೇ? ಲಾಟರಿಯ ನಿಯಮಗಳ ಬಗ್ಗೆ ಜನ ತಮ್ಮ ಅಭಿಪ್ರಾಯ ಬರೆದು ಕಳಿಸಬಹುದಂತೆ. ನಾನು ಏನು ಬರೆಯಲಿ?

ಉತ್ತರ: ಮೊದಲು ನಿಮ್ಮ ಹೊಟ್ಟೆಯುರಿಯ ಲೆಕ್ಕ ನೋಡೋಣ. ಅರಿಜೋನಾದಲ್ಲಿ ಅರ್ಜಿ ಹಾಕಿ ಸೋತಾಗೆಲ್ಲ ಒಂದು ಬೋನಸ್ ಪಾಯಿಂಟ್ ಸಿಗುತ್ತದೆ. ಐದು ವರ್ಷಕ್ಕೆ ಐದು. ಸತತ ಐದು ವರ್ಷ ಹಾಕಿದ್ದಕ್ಕೆ ಲಾಯಲ್ಟಿ ಪಾಯಿಂಟ್ ಒಂದು, ಕೋರ್ಸ್ ಮುಗಿಸಿದ್ದಕ್ಕೆ ಇನ್ನೊಂದು. ಅಂದರೆ ನಿಮ್ಮ ಹತ್ತಿರ ಈಗ ಏಳಿವೆ. ಕಂಪ್ಯೂಟರ್ ಅರ್ಜಿಗೆ ಒಂದು, ಪಾಯಿಂಟಿಗೊಂದರಂತೆ ಏಳು, ಒಟ್ಟು ಎಂಟು ನಂಬರ್ ನಿಮಗೆ ಕೊಡುತ್ತದೆ. ಅವುಗಳಲ್ಲಿ ಅತಿ ಚಿಕ್ಕದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಸಾಡುತ್ತದೆ. ಯಾರ ನಂಬರ್ ಚಿಕ್ಕದೋ ಅವರು ಮುಂದೆ. ಆ ಹುಡುಗನಿಗೆ ಸಿಕ್ಕಿದ್ದು ಒಂದೇ ಒಂದು ನಂಬರ್. ನಿಮ್ಮಿಬ್ಬರನ್ನೇ ಎದುರುಬದುರು ಕೂರಿಸಿದರೆ 9 ಸಲದಲ್ಲಿ 8 ಸಲ ನೀವೇ ಮುಂದಿರುತ್ತೀರಿ, 1 ಸಲ ಅವನು. ಹಾಗೆ ಒಂದೊಂದೇ ನಂಬರಿನವರು ಸಾವಿರಾರು ಜನ ಇರುತ್ತಾರೆ. ಅವರಲ್ಲಿ ಕೆಲವರಿಗೆ ಹೊಡೆಯಲೇಬೇಕು. ಅವರಲ್ಲೊಬ್ಬ ನಿಮ್ಮ ಆಫೀಸಿನಲ್ಲೇ ಕೂತಿದ್ದಾನೆ, ಅಷ್ಟೆ.

ಇದು ಅನ್ಯಾಯವಲ್ಲ, ಕೆಟ್ಟ ಅದೃಷ್ಟ. ಆದರೆ ನಿಯಮಗಳಲ್ಲಿ ಅನ್ಯಾಯವೇ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಇದೆ. ನೀವು ಅಂದುಕೊಂಡ ಜಾಗದಲ್ಲಿ ಇಲ್ಲ, ಅಷ್ಟೇ.

ಊರಲ್ಲಿರುವ ಓದುಗರಿಗೆ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಶೋಕಿಗೆ ಬೇಟೆಯಾಡುವಂತಿಲ್ಲ. ಅಮೆರಿಕದಲ್ಲಿ ಕಾಡುಪ್ರಾಣಿಗಳು ಆಯಾ ರಾಜ್ಯದ ಜನರೆಲ್ಲರ ಆಸ್ತಿ ಅನ್ನುವುದು ಲೆಕ್ಕ. ಎಷ್ಟು ಹೊಡೆಯಬಹುದು ಅನ್ನುವುದನ್ನು ರಾಜ್ಯ ತೀರ್ಮಾನಿಸುತ್ತದೆ, ಅಷ್ಟೇ ಟ್ಯಾಗ್, ಅಂದರೆ ಒಂದು ಪ್ರಾಣಿ ಹೊಡೆಯುವ ಪರ್ಮಿಟ್, ಕೊಡುತ್ತದೆ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣನ ಹಾಗಿರುವ ಪ್ರಾಣಿ. ಅರಿಜೋನಾದ ಮೂಲ ತಳಿ ಪೂರ್ತಿ ಅಳಿದುಹೋಗಿತ್ತು. ಈಗಿರುವ ಮಂದೆಗಳು 1913ರಲ್ಲಿ ಯೆಲ್ಲೋಸ್ಟೋನ್‌ನಿಂದ ತಂದು ಬಿಟ್ಟ 83 ಪ್ರಾಣಿಗಳಿಂದ, ಆಮೇಲೆ ತಂದ ಇನ್ನಷ್ಟರಿಂದ ಬೆಳೆದದ್ದು. ಹಾಗಾಗಿ ಟ್ಯಾಗ್ ಲೆಕ್ಕ ಹಾಕಿಯೇ ಕೊಡುತ್ತಾರೆ. ಕೇಳುವವರು ಜಾಸ್ತಿ, ಇರುವುದು ಕಮ್ಮಿ. ಜಗಳ ಶುರುವಾಗುವುದೇ ಅಲ್ಲಿ.

ಪಾಯಿಂಟ್ ಅನ್ನುವ ಐಡಿಯಾ ಬಂದದ್ದು ಒಳ್ಳೆಯ ಮನಸ್ಸಿನಿಂದಲೇ. ಪಾಯಿಂಟ್ ಏನೂ ಇಲ್ಲದ ಬರೀ ಲಾಟರಿ ಕ್ರೂರವಾಗಬಲ್ಲದು. ವರ್ಷಕ್ಕೆ 100 ಜನರಲ್ಲಿ 5 ಜನರಿಗೆ ಸಿಗುವ ಟ್ಯಾಗ್ ಇದೆ ಅಂದುಕೊಳ್ಳಿ. 20 ವರ್ಷ ಸತತ ಹಾಕಿದರೂ 100ರಲ್ಲಿ ಸುಮಾರು 36 ಜನರಿಗೆ ಒಂದು ಸಲವೂ ಸಿಗುವುದಿಲ್ಲ. ಇನ್ನು ಕೆಲವರಿಗೆ ಎರಡು ಸಲ, ಮೂರು ಸಲ ಸಿಕ್ಕಿರುತ್ತದೆ. ಆ 36 ಜನರ ಮುಖ ನೋಡಿಯೇ ರಾಜ್ಯಗಳು ಪಾಯಿಂಟ್ ತಂದವು. ನಮ್ಮವರಿಗೂ ಇದು ಹೊಸದಲ್ಲ. ಬಿಡಿಎ ಸೈಟಿಗೆ ಹಿಂದೆ ಎಷ್ಟು ಸಲ ಅರ್ಜಿ ಹಾಕಿ ಸಿಕ್ಕಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರಲ್ಲ, "ನಮ್ಮದು ಇದು ನಾಲ್ಕನೇ ಸಲ" ಅಂತ ಹಿರಿಯರು ಹೇಳಿಕೊಳ್ಳುತ್ತಿದ್ದರಲ್ಲ, ಅದೇ ಇದು.

ತೊಂದರೆ ಏನೆಂದರೆ, ಪಾಯಿಂಟ್ ಹೆಚ್ಚಾದರೂ ಟ್ಯಾಗ್ ಹೆಚ್ಚಾಗುವುದಿಲ್ಲ.

ಕೊಲೊರಾಡೊದ ಹೆಸರಾದ ಬೇಟೆಗಳಲ್ಲಿ ಬಹುಪಾಲು ಟ್ಯಾಗ್ ಹೋಗುವುದು ಪಾಯಿಂಟ್ ಜಾಸ್ತಿ ಇರುವವರಿಗೆ. ಅದು ಲಾಟರಿಯಲ್ಲ, ಕ್ಯೂ. ಒಂದು ಕ್ಯೂನಲ್ಲಿ 300 ಜನ ನಿಂತಿದ್ದಾರೆ, ವರ್ಷಕ್ಕೆ 10 ಟ್ಯಾಗ್ ಕೊಡುತ್ತಾರೆ, ವರ್ಷಕ್ಕೆ 30 ಜನ ಹೊಸಬರು ಬಂದು ಸೇರುತ್ತಾರೆ ಅಂತ ಇಟ್ಟುಕೊಳ್ಳಿ. ಇವತ್ತು ಕೊನೆಯಲ್ಲಿ ನಿಂತವನು 30 ವರ್ಷ ಕಾಯಬೇಕು. ಕ್ಯೂ ವರ್ಷಕ್ಕೆ 20 ಜನರಷ್ಟು ಬೆಳೆಯುತ್ತದೆ. 15 ವರ್ಷ ಕಳೆದರೆ ಅಲ್ಲಿ 600 ಜನ. ಆಗ ಬರುವ ಹದಿನೆಂಟರ ಹುಡುಗಿ 60 ವರ್ಷ ಕಾಯಬೇಕು. 78ನೇ ವಯಸ್ಸಿಗೆ ಅವಳು ಬಂದೂಕು ಹೊತ್ತು ಬೆಟ್ಟ ಹತ್ತುತ್ತಾಳಾ? ಬೇಟೆಗಾರರು ಇದನ್ನು ಪಾಯಿಂಟ್ ಕ್ರೀಪ್ ಅನ್ನುತ್ತಾರೆ. ಕಳೆದ ವರ್ಷ 12 ಪಾಯಿಂಟಿಗೆ ಸಿಕ್ಕಿದ್ದು ಈ ವರ್ಷ 13 ಕೇಳುತ್ತದೆ. ನೀವು 13 ಮುಟ್ಟುವಷ್ಟರಲ್ಲಿ ಅದು 14 ಆಗಿರುತ್ತದೆ. ಓಡುವ ಬಸ್ಸಿನ ಹಿಂದೆ ಓಡಿದ ಹಾಗೆ.

ನೆವಾಡ ಬೇರೆ ದಾರಿ ಹಿಡಿಯಿತು. ಅಲ್ಲಿ ಪಾಯಿಂಟನ್ನು ಅದರಿಂದಲೇ ಗುಣಿಸಿ ಒಂದು ಕೂಡಿಸುತ್ತಾರೆ. 5 ಪಾಯಿಂಟ್ ಇದ್ದರೆ 26 ನಂಬರ್, 20 ಇದ್ದರೆ 401. ಹಿರಿಯನ ಅವಕಾಶ ಕಿರಿಯನ ಹದಿನೈದು ಪಟ್ಟಿಗಿಂತ ಜಾಸ್ತಿ. ಅರಿಜೋನಾದ ಲೆಕ್ಕದಲ್ಲಾದರೆ 21ಕ್ಕೆ 6, ಮೂರೂವರೆ ಪಟ್ಟು. ಮೇನ್ ರಾಜ್ಯದಲ್ಲಿ ಮೂಸ್ ಅನ್ನುವ ಭಾರಿ ಜಿಂಕೆಯ ಲಾಟರಿಯಲ್ಲಿ ಮೊದಲ ಐದು ವರ್ಷ ವರ್ಷಕ್ಕೊಂದು ಪಾಯಿಂಟ್, ಆಮೇಲೆ ಎರಡೆರಡು, ಆಮೇಲೆ ಮೂರು ಮೂರು. ಹದಿನಾರನೇ ವರ್ಷದಿಂದ ವರ್ಷಕ್ಕೆ ಹತ್ತು ಹತ್ತು! ಎಲ್ಲ ಕಡೆಯೂ ಒಂದೇ ಕಥೆ. ಹಳಬರಿಗೆ ಸಮಾಧಾನ ಮಾಡಲು ಹೋಗಿ, ಆ ಭಾರವನ್ನು ಹೊಸಬರ ತಲೆಗೆ ದಾಟಿಸುತ್ತಾರೆ.

ಈ ಹೊಸಬರು ಯಾರು? ಈಗಷ್ಟೇ ಬೇಟೆ ಕಲಿತ ಹುಡುಗರು. ನಲವತ್ತರ ಹೊತ್ತಿಗೆ ಬೇರೆ ದೇಶದಿಂದ ಬಂದವರು. ನಿಮ್ಮಂಥವರು. ಹಾಗಾಗಿ "ನನ್ನ ಪಾಯಿಂಟಿಗೆ ಇನ್ನೂ ಹೆಚ್ಚು ಬೆಲೆ ಕೊಡಿ" ಅಂತ ಬರೆಯಬೇಕು ಅನ್ನಿಸಿದರೆ ಸ್ವಲ್ಪ ತಡೆಯಿರಿ. ಅರಿಜೋನಾದಲ್ಲಿ ಪ್ರತಿ ಬೇಟೆಯ 20% ಟ್ಯಾಗ್ ಮೊದಲು ಅತಿ ಹೆಚ್ಚು ಪಾಯಿಂಟ್ ಇರುವವರಿಗೇ ಹೋಗುತ್ತದೆ. ಗ್ರ್ಯಾಂಡ್ ಕ್ಯಾನ್ಯನ್ ಪಕ್ಕದ ಯೂನಿಟ್ 9ರಂಥ ಹೆಸರಾಂತ ಜಾಗದ ಗಂಡು ಎಲ್ಕ್ ಬೇಟೆಯಲ್ಲಿ ಆ 20% ನಿಮ್ಮ ಏಳು ಪಾಯಿಂಟಿಗೆ ಎಟುಕುವುದಿಲ್ಲ. ನಿಮ್ಮ ಆಸೆಯೆಲ್ಲ ಉಳಿದ 80%ರ ಮೇಲೆ. ಪಾಯಿಂಟಿನ ಬಲ ಹೆಚ್ಚಿಸಿದರೆ ಮೊದಲು ಪೆಟ್ಟು ಬೀಳುವುದು ನಿಮಗೇ.

ಹಾಗಾದರೆ ಮಾಡಬೇಕಾದ್ದೇನು? ನಮ್ಮ ಕಡೆಯ ಚೀಟಿ ನೆನಪಿದೆಯಾ? ಇಪ್ಪತ್ತು ಜನ ಸೇರಿ ತಿಂಗಳಿಗಿಷ್ಟು ಹಾಕಿ, ಹೆಸರು ಬರೆದ ಚೀಟಿ ಡಬ್ಬಿಗೆ ಹಾಕಿ, ಮನೆಯ ಚಿಕ್ಕ ಮಗುವಿನ ಕೈಲಿ ಎತ್ತಿಸುತ್ತಿದ್ದರು. ಅಲ್ಲಿ ಸೋತವರಿಗೆ ಯಾರೂ ಪಾಯಿಂಟ್ ಕೊಡುತ್ತಿರಲಿಲ್ಲ. ಗೆದ್ದವರ ಹೆಸರನ್ನು ಮತ್ತೆ ಡಬ್ಬಿಗೆ ಹಾಕುತ್ತಿರಲಿಲ್ಲ, ಅಷ್ಟೆ. ನಾನು ಹೇಳುವುದೂ ಅದನ್ನೇ. ಸೋತವರ ಲೆಕ್ಕ ಇಡುವುದು ಬಿಟ್ಟು, ಗೆದ್ದವರನ್ನು ಕೆಲವು ವರ್ಷ ಕೂರಿಸಿ. ಎಲ್ಲರಿಗೂ ಒಂದೊಂದೇ ನಂಬರ್ ಕೊಡಿ. ಹೊಸಬರಾಗಲಿ ಹಳಬರಾಗಲಿ, ಡಬ್ಬಿಯಲ್ಲಿ ಎಲ್ಲರೂ ಸಮ. ಯೂಟಾದಲ್ಲಿ ಲಿಮಿಟೆಡ್ ಎಂಟ್ರಿ, ಅಂದರೆ ಲೆಕ್ಕವಿಟ್ಟು ಕಮ್ಮಿ ಕೊಡುವ, ಗಂಡು ಎಲ್ಕ್ ಟ್ಯಾಗ್ ಸಿಕ್ಕವರು 5 ವರ್ಷ ಮತ್ತೆ ಅದಕ್ಕೆ ಅರ್ಜಿ ಹಾಕುವಂತಿಲ್ಲ. ಅರಿಜೋನಾದಲ್ಲೂ ಬಿಗ್‌ಹಾರ್ನ್ ಕಾಡುಕುರಿಯನ್ನು ಒಂದು ಉಪಜಾತಿಗೆ ಜೀವಮಾನದಲ್ಲಿ ಒಂದೇ ಸಲ ಹೊಡೆಯಬಹುದು. ಎಲ್ಕ್‌ಗೆ ಮಾತ್ರ ಅಂಥ ತಡೆ ಇಲ್ಲ.

ಇದು ಎಲ್ಲ ಕಡೆಗೂ ಮದ್ದಲ್ಲ, ಅದನ್ನೂ ಹೇಳಿಬಿಡುತ್ತೇನೆ. 200 ಜನರಿಗೆ 10 ಟ್ಯಾಗ್ ಇರುವ ಕಡೆ ಗೆದ್ದವರನ್ನು 5 ವರ್ಷ ಕೂರಿಸಿದರೆ ಯಾವಾಗಲೂ 50 ಜನ ಹೊರಗಿರುತ್ತಾರೆ. ಉಳಿದವರ ಅವಕಾಶ 5%ರಿಂದ ಸುಮಾರು 6.7%ಕ್ಕೆ ಏರುತ್ತದೆ. ಸುಮಾರಾದ ಲಾಭ. 500 ಜನರಿಗೆ 10 ಟ್ಯಾಗ್ ಇದ್ದರೆ 2% ಇದ್ದದ್ದು 2.2% ಆಗುತ್ತದೆ, ಅಷ್ಟೇ. ಚೀಟಿಯಲ್ಲಿ ಇಪ್ಪತ್ತು ಜನರಿಗೆ ಇಪ್ಪತ್ತು ತಿಂಗಳು ಇರುತ್ತಿತ್ತು, ನಡುವೆ ಹೊಸಬರು ಬರುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ತೀರಾ ಬೇಡಿಕೆಯ ಟ್ಯಾಗ್‌ಗಳಿಗೆ ಜೀವಮಾನಕ್ಕೊಂದೇ ಅನ್ನುವ ನಿಯಮ ಬೇಕು. ಅದೂ ಸಾಲದಿದ್ದರೆ ಐಡಾಹೋವನ್ನು ನೋಡಬೇಕು.

ಐಡಾಹೋದಲ್ಲಿ ಪಾಯಿಂಟೇ ಇಲ್ಲ. ಮೂಸ್, ಬಿಗ್‌ಹಾರ್ನ್ ಕುರಿ, ಬೆಟ್ಟದ ಮೇಕೆ, ಈ ಮೂರರಲ್ಲಿ ಒಂದನ್ನು ಕೇಳಿದರೆ ಆ ವರ್ಷ ಸಾಮಾನ್ಯವಾಗಿ ಜಿಂಕೆ, ಎಲ್ಕ್‌ಗಳ ಲಾಟರಿಗೆ ಹೋಗುವಂತಿಲ್ಲ. ನಿಜವಾಗಿ ಬೇಕಾದ್ದು ಯಾವುದು ಅಂತ ಆರಿಸಿಕೊಳ್ಳಲೇಬೇಕು. "ಇರಲಿ ಬಿಡು, ಅದಕ್ಕೂ ಒಂದು ಹಾಕೋಣ" ಅನ್ನುವವರು ತಾವಾಗಿಯೇ ಜಾರಿಕೊಳ್ಳುತ್ತಾರೆ. ದುಡ್ಡಿನಿಂದಲ್ಲ, ಆಯ್ಕೆಯಿಂದ. ನನಗೆ ಇದು ಬಹಳ ಇಷ್ಟ.

ಯಾಕೆಂದರೆ ದುಡ್ಡಿನಿಂದಲೂ ಜನರನ್ನು ಜರಡಿ ಹಿಡಿಯಬಹುದು. ನ್ಯೂ ಮೆಕ್ಸಿಕೊದಲ್ಲಿ ಅರ್ಜಿ ಹಾಕುವಾಗಲೇ ಟ್ಯಾಗಿನ ಪೂರ್ತಿ ಹಣ ಕಟ್ಟಬೇಕು, ಸಿಗದಿದ್ದರೆ ವಾಪಸ್. ಕೊಲೊರಾಡೊದಲ್ಲೂ ಹಾಗೇ ಇತ್ತು. 2018ರಲ್ಲಿ ಅದನ್ನು ತೆಗೆದರು. ತಗೊಳ್ಳಿ, ಮೂಸ್, ಕುರಿ, ಮೇಕೆಗಳ ಅರ್ಜಿಗಳು ಒಂದೇ ಏಟಿಗೆ ಏರಿಬಿಟ್ಟವು. ಮುಂಗಡ ಹಣ ಜನರನ್ನು ತಡೆಯುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಯಾರನ್ನು ತಡೆಯುತ್ತದೆ? ನೂರಾರು ಡಾಲರ್ ತಿಂಗಳುಗಟ್ಟಲೆ ಬಿಟ್ಟಿರಲು ಆಗದವರನ್ನು. ಪ್ರಾಣಿ ಎಲ್ಲರ ಆಸ್ತಿ ಅಂದ ಮೇಲೆ ಜೇಬು ನೋಡಿ ಜರಡಿ ಹಿಡಿಯಬಾರದು.

ಇನ್ನೊಂದು ವಿಷಯ ಯಾರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. ನನ್ನ ಕೇಳಿದರೆ ಪಾಯಿಂಟಿಗಿಂತ ಇದೇ ಮುಖ್ಯ. ಅರ್ಜಿಯಲ್ಲಿ ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ಬರೆಯುತ್ತೀರಲ್ಲ, ಅದನ್ನು ಕಂಪ್ಯೂಟರ್ ಯಾವ ಕ್ರಮದಲ್ಲಿ ಓದುತ್ತದೆ? ಎರಡು ರೀತಿ ಇವೆ. ಒಂದು, ನಿಮ್ಮ ಸರದಿ ಬಂದಾಗ ನಿಮ್ಮ ಆಯ್ಕೆಗಳನ್ನೆಲ್ಲ ನೋಡಿ ಮುಗಿಸಿ ಮುಂದಿನವರಿಗೆ ಹೋಗುವುದು. ನ್ಯೂ ಮೆಕ್ಸಿಕೊ ಹೀಗೆ ಮಾಡುತ್ತದೆ. ಅರಿಜೋನಾವೂ ಮೊದಲೆರಡು ಆಯ್ಕೆಗಳನ್ನು ಹೀಗೇ ಒಟ್ಟಿಗೆ ನೋಡುತ್ತದೆ. ಇನ್ನೊಂದು, ಎಲ್ಲರ ಮೊದಲ ಆಯ್ಕೆಗಳನ್ನು ಹಂಚಿ ಮುಗಿಸಿ, ಆಮೇಲೆ ಎಲ್ಲರ ಎರಡನೇ ಆಯ್ಕೆಗೆ ಬರುವುದು. ಕೊಲೊರಾಡೊದ್ದು ಈ ರೀತಿ.

ಕೇಳಲು ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ? ಅಲ್ಲ. ನಮ್ಮ ಸಿಇಟಿ ಆಪ್ಷನ್ ಎಂಟ್ರಿ ನೆನಪು ಮಾಡಿಕೊಳ್ಳಿ. ನಿಮ್ಮ ರ‍್ಯಾಂಕ್ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತಾರೆ, ಖಾಲಿ ಇರುವುದರಲ್ಲಿ ಮೇಲಿನದನ್ನು ಕೊಡುತ್ತಾರೆ. ಅದಕ್ಕೇ ಮೇಷ್ಟ್ರುಗಳು "ನಿಜವಾಗಿ ಬೇಕಾದ್ದನ್ನೇ ಮೇಲೆ ಬರೆಯಿರಿ, ಹೆದರಬೇಡಿ" ಅನ್ನುತ್ತಾರೆ. ಮೇಲೆ ದೊಡ್ಡ ಕಾಲೇಜು ಬರೆದರೆ ಕೆಳಗಿನ ಕಾಲೇಜು ಕೈತಪ್ಪುವುದಿಲ್ಲ. ಎರಡನೇ ರೀತಿಯಲ್ಲಿ ತಪ್ಪುತ್ತದೆ. ಯೂನಿಟ್ 9 ಆಸೆಪಟ್ಟು ಮೊದಲು ಬರೆದಿರೋ, ನಿಮ್ಮ ಎರಡನೇ ಆಯ್ಕೆಯ ಸಾಧಾರಣ ಜಾಗವನ್ನು ಅದನ್ನೇ ಮೊದಲು ಬರೆದವರು ಆಗಲೇ ಖಾಲಿ ಮಾಡಿರುತ್ತಾರೆ. ಆಸೆಯನ್ನು ಇದ್ದಂತೆ ಹೇಳಿದವನಿಗೆ ಪೆಟ್ಟು, ಲೆಕ್ಕ ಹಾಕಿ ಬರೆದವನಿಗೆ ಲಾಭ. ಬಾಸ್ಟನ್ ನಗರದ ಶಾಲೆಗಳಲ್ಲಿ ಮಕ್ಕಳಿಗೆ ಸೀಟು ಹಂಚುವಾಗ ಇದೇ ತೊಂದರೆ ಇತ್ತು. ಒಳಸುದ್ದಿ ಗೊತ್ತಿದ್ದ ಅಪ್ಪ ಅಮ್ಮ ಗೆಲ್ಲುತ್ತಿದ್ದರು, ಗೊತ್ತಿಲ್ಲದವರು ಸೋಲುತ್ತಿದ್ದರು. 2005ರಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟರು. ಆ ಬದಲಾವಣೆಗೆ ಕೆಲಸ ಮಾಡಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಿಮ್ಮ ರಾಜ್ಯದಲ್ಲಿ ಮೊದಲೆರಡು ಆಯ್ಕೆ ಸರಿಯಿದೆ. ಮೂರರಿಂದ ಐದನೇ ಆಯ್ಕೆಗಳನ್ನು ಬೇರೆ ಸುತ್ತಿನಲ್ಲಿ ನೋಡುತ್ತಾರೆ. ಐದನ್ನೂ ಒಟ್ಟಿಗೇ ನೋಡಿ ಅಂತ ಬರೆಯಿರಿ. ಖರ್ಚಿಲ್ಲದ ಸುಧಾರಣೆ.

ಚೀಟಿ ಎತ್ತುವ ಕೈ ಸರಿಯಿದೆಯಾ ಅನ್ನುವ ಅನುಮಾನವೂ ಅನೇಕರಿಗೆ ಇರುತ್ತದೆ. ಅದು ಸುಮ್ನೆ ಅನುಮಾನವಲ್ಲ. 1969ರ ಡಿಸೆಂಬರ್ 1ರಂದು ಅಮೆರಿಕ ಸರ್ಕಾರ ವಿಯೆಟ್ನಾಂ ಯುದ್ಧದ ಹೊತ್ತಿನ ಸೈನ್ಯದ ಕರೆಗೆ ಲಾಟರಿ ಎತ್ತಿತು. ವರ್ಷದ 366 ದಿನಾಂಕಗಳನ್ನು ಪ್ಲಾಸ್ಟಿಕ್ ಗುಳಿಗೆಗಳಲ್ಲಿಟ್ಟು ತೆಗೆದರು. ತಿಂಗಳ ಪ್ರಕಾರ ತುಂಬಿದ್ದರು, ಸರಿಯಾಗಿ ಕಲಸಲಿಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ, ಅದರಲ್ಲೂ ಡಿಸೆಂಬರಿನಲ್ಲಿ, ಹುಟ್ಟಿದವರಿಗೆ ಬೇಗ ಕರೆ ಬರುವ ನಂಬರುಗಳು ಜಾಸ್ತಿ ಬಿದ್ದವು. ಯಾರೂ ಮೋಸ ಮಾಡಿರಲಿಲ್ಲ. ಆದರೂ ಆಟ ನೇರವಾಗಿರಲಿಲ್ಲ. ಮುಂದಿನ ವರ್ಷ ವಿಧಾನ ಬದಲಿಸಿದರು. ಇವತ್ತು ಕಂಪ್ಯೂಟರ್ ಕಲಸುತ್ತದೆ, ನಿಜ. ಆದರೆ ಅದು ಕಲಸಿದ್ದನ್ನು ಯಾರೂ ನೋಡುವಂತಿಲ್ಲ. ಪರಿಹಾರ ಸುಲಭ. ಕಂಪ್ಯೂಟರ್ ನಂಬರ್ ಹುಟ್ಟಿಸಲು ಶುರುವಿಗೊಂದು ಬೀಜಸಂಖ್ಯೆ ಬೇಕು. ಅರ್ಜಿಗಳ ಪಟ್ಟಿಯನ್ನು ಹೆಸರಿಲ್ಲದೆ ಮೊದಲೇ ಪ್ರಕಟಿಸಿ ಮುಚ್ಚಿಬಿಡಬೇಕು. ಆ ಬೀಜಸಂಖ್ಯೆಯನ್ನು ಆಮೇಲೆ ಎಲ್ಲರೆದುರು, ಪಾರದರ್ಶಕ ಡಬ್ಬದ ಚೆಂಡುಗಳಿಂದಲೇ ಎತ್ತಲಿ. ಪ್ರೋಗ್ರಾಮೂ ಬಯಲಲ್ಲಿರಲಿ. ಲೆಕ್ಕ ಬರುವ ಯಾರಾದರೂ ಮನೆಯಲ್ಲೇ ಕೂತು ಲಾಟರಿಯನ್ನು ಮತ್ತೆ ಓಡಿಸಿ ಸರಿ ನೋಡಬಹುದು. ನೀವು ಸಾಫ್ಟ್‌ವೇರ್‌ನವರಾಗಿದ್ದರೆ ಇದು ಒಂದು ಭಾನುವಾರದ ಕೆಲಸ.

ಗುಂಪು ಅರ್ಜಿಯ ಒಂದು ಸಂದಿಯನ್ನೂ ಹೇಳಬೇಕು. ಅರಿಜೋನಾದಲ್ಲಿ ಗುಂಪಿನ ಪಾಯಿಂಟುಗಳ ಸರಾಸರಿ ತೆಗೆಯುತ್ತಾರೆ. 10 ಇರುವ ಅಪ್ಪ, ಏನೂ ಇಲ್ಲದ ಮಗಳು ಸೇರಿದರೆ ಇಬ್ಬರಿಗೂ 5ರ ಲೆಕ್ಕ. ಅಪ್ಪ ಮಗಳಿಗೆ ಇದು ಚೆಂದವೇ. ಆದರೆ ಗುರುತೇ ಇಲ್ಲದವರು ಪಾಯಿಂಟಿಗೋಸ್ಕರ ಜೊತೆಯಾಗುವುದಕ್ಕೂ ಇದೇ ಬಾಗಿಲು. ಪಾಯಿಂಟ್ ಇಲ್ಲದಿದ್ದರೆ ಈ ಬಾಗಿಲೇ ಇರುವುದಿಲ್ಲ.

ಲಾಟರಿಯನ್ನು ಎಷ್ಟೇ ಶುದ್ಧ ಮಾಡಿದರೂ ಡಬ್ಬಿಗೇ ಬಾರದ ಟ್ಯಾಗ್‌ಗಳಿವೆ. ನ್ಯೂ ಮೆಕ್ಸಿಕೊದಲ್ಲಿ ಜಮೀನುದಾರರಿಗೆ ಎಲ್ಕ್ ಬೇಟೆಯ ಹಕ್ಕುಪತ್ರ ಸಿಗುತ್ತದೆ, ಅದನ್ನು ಅವರು ಮಾರಬಹುದು. ಅಲ್ಲಿ ಲಾಟರಿಯ ಒಳಗೂ 84% ರಾಜ್ಯದವರಿಗೆ, 6% ಹೊರಗಿನವರಿಗೆ, 10% ಗೈಡ್ ಇಟ್ಟುಕೊಂಡವರಿಗೆ. ಅಂದರೆ ದುಡ್ಡು ಕೊಟ್ಟು ಗೈಡ್ ಹಿಡಿದರೆ ಬೇರೆ ಡಬ್ಬಿ. ಮೊಂಟಾನಾದ ಒಂದೇ ಒಂದು ಬಿಗ್‌ಹಾರ್ನ್ ಕುರಿ ಟ್ಯಾಗ್ 2013ರಲ್ಲಿ 4,80,000 ಡಾಲರಿಗೆ ಹರಾಜಾಯಿತು. ಇಂಥ ಹರಾಜಿನ ದುಡ್ಡು ಕುರಿಗಳ ರಕ್ಷಣೆಗೇ ಹೋಗುತ್ತದೆ, ಹಾಗಾಗಿ ಒಂದೆರಡು ಟ್ಯಾಗ್‌ಗೆ ನನ್ನ ತಕರಾರಿಲ್ಲ. ಒಂದೆರಡೇ ಇರಬೇಕು, ಅಷ್ಟೆ. ಜಮೀನುದಾರರ ವಿಷಯದಲ್ಲಿ ನಾನು ಅಷ್ಟು ಮೆತ್ತಗಿಲ್ಲ. ಎಲ್ಕ್ ಅವರ ಹುಲ್ಲು ತಿನ್ನುತ್ತದೆ, ಬೇಲಿ ಮುರಿಯುತ್ತದೆ, ಒಪ್ಪಿದೆ. ಕಾಡಾನೆ ನುಗ್ಗಿದ ಕಾಫಿ ತೋಟ ನೋಡಿದ ನಿಮಗೆ ಆ ಸಂಕಟ ಹೇಳಬೇಕಾಗಿಲ್ಲ. ಅದಕ್ಕೆ ಪರಿಹಾರದ ಹಣ ಕೊಡಲಿ. ಎಲ್ಲರ ಪ್ರಾಣಿಯನ್ನು ಮಾರುವ ಚೀಟಿ ಕೊಡುವುದು ಬೇರೆ ಮಾತು.

ರಾಜ್ಯದೊಳಗಿನವರು, ಹೊರಗಿನವರು ಅನ್ನುವ ಜಗಳಕ್ಕೆ ನೀವು ಕೈ ಹಾಕಬೇಡಿ. ಅರಿಜೋನಾದಲ್ಲಿ ಹೊರಗಿನವರಿಗೆ ಹೆಚ್ಚೆಂದರೆ 10%. 1978ರಲ್ಲಿ ಮೊಂಟಾನಾದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇಂಥ ಭೇದಕ್ಕೆ ಒಪ್ಪಿಗೆ ಕೊಟ್ಟಿತು. 2005ರಲ್ಲಿ ಸಂಸತ್ತೂ ರಾಜ್ಯಗಳ ಹಕ್ಕನ್ನು ಗಟ್ಟಿ ಮಾಡಿತು. ಅಲ್ಲಿ ಅಲುಗಾಡಿಸಲು ಏನೂ ಉಳಿದಿಲ್ಲ.

ಪಾಯಿಂಟ್ ಅಷ್ಟು ಕೆಟ್ಟದ್ದಾದರೆ ಯಾಕೆ ತೆಗೆಯುತ್ತಿಲ್ಲ ಅಂತ ಕೇಳುತ್ತೀರಿ. ಒಂದು, ಅದರಲ್ಲಿ ದುಡ್ಡಿದೆ. ವಯೋಮಿಂಗ್ ಹೊರಗಿನವರಿಗೆ ಎಲ್ಕ್ ಪಾಯಿಂಟ್ ಒಂದನ್ನು 52 ಡಾಲರಿಗೆ ಮಾರುತ್ತದೆ. ಟ್ಯಾಗಲ್ಲ, ಬರೀ ಪಾಯಿಂಟ್. ತಮಾಷೆಯೆಂದರೆ, ತನ್ನದೇ ನಿವಾಸಿಗಳ ಎಲ್ಕ್ ಲಾಟರಿಯಲ್ಲಿ ಅದೇ ವಯೋಮಿಂಗ್ ಪಾಯಿಂಟ್ ಇಟ್ಟಿಲ್ಲ! ಎರಡು, ಇಪ್ಪತ್ತು ವರ್ಷ ದುಡ್ಡು ಕಟ್ಟಿ ಕಾದವನಿಗೆ ನಾಳೆಯಿಂದ ಎಲ್ಲ ಸೊನ್ನೆ ಅಂದರೆ ಅವನಿಗೆ ಮೋಸವೇ ಆಗುತ್ತದೆ. ಆ ಸಿಟ್ಟು ನ್ಯಾಯವಾದದ್ದು. ಹಾಗಾಗಿ ನಿಲ್ಲಿಸುವುದಾದರೆ ನಿಧಾನಕ್ಕೆ ನಿಲ್ಲಿಸಬೇಕು. ಒಂದು ದಿನಾಂಕ ಗೊತ್ತುಮಾಡಿ ಹೊಸ ಪಾಯಿಂಟ್ ಕೊಡುವುದು ನಿಲ್ಲಲಿ. ಇದ್ದವರ ಪಾಯಿಂಟ್ ಹಾಗೇ ಇರಲಿ. ಅವರಿಗೆ ಮೀಸಲಾದ ಆ 20% ಹತ್ತು ವರ್ಷದಲ್ಲಿ ವರ್ಷಕ್ಕೆ ಎರಡೆರಡರಂತೆ ಕರಗಲಿ. ಹಳಬರು ತಮ್ಮ ಪಾಯಿಂಟ್ ಖರ್ಚು ಮಾಡಿಕೊಳ್ಳಲು ಸಮಯ ಸಿಗುತ್ತದೆ, ಹೊಸಬರು ಕ್ಯೂ ಸೇರುವುದು ನಿಲ್ಲುತ್ತದೆ.

ನಿಮ್ಮ ಪತ್ರ ಹೋಗಬೇಕಾದ್ದು ರಾಜ್ಯಪಾಲರು ನೇಮಿಸುವ ಐದು ಜನರ ಗೇಮ್ ಅಂಡ್ ಫಿಶ್ ಕಮಿಷನ್‌ಗೆ. ಒಂದು ಪುಟ ಮೀರಬೇಡಿ. ನಿಮಗೆ ಸಿಗದ ಕಥೆ ಬೇಡ, ಅಂಥ ಪತ್ರ ಅವರಿಗೆ ಸಾವಿರ ಬರುತ್ತವೆ. ಗಂಡು ಎಲ್ಕ್ ಟ್ಯಾಗ್ ಸಿಕ್ಕವರು ಐದು ವರ್ಷ ಕೂರಲಿ, ಐದೂ ಆಯ್ಕೆಗಳನ್ನು ಒಟ್ಟಿಗೆ ನೋಡಲಿ, ಬೀಜಸಂಖ್ಯೆ ಬಯಲಲ್ಲಿ ಎತ್ತಲಿ. ಈ ಮೂರು ಕೇಳಿದರೆ ಸಾಕು. ಪಾಯಿಂಟ್ ಕರಗಿಸುವ ಮಾತನ್ನು ಕೊನೆಗೆ ಒಂದು ಸಾಲಿನಲ್ಲಿ ಬರೆಯಿರಿ. ಮೊದಲ ಸಾಲಲ್ಲೇ ಬರೆದರೆ ಮುಂದೆ ಓದುವುದಿಲ್ಲ.

ಮತ್ತೆ ನಿಮ್ಮ ಮುಂದಿನ ಅರ್ಜಿ. ನಿಯಮ ಬದಲಾಗುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಮೊದಲ ಆಯ್ಕೆಗೆ ನಿಮ್ಮ ಆಸೆಯ ಗಂಡು ಎಲ್ಕ್ ಬರೆಯಿರಿ. ಎರಡನೆಯದಕ್ಕೆ ಹೆಣ್ಣು ಎಲ್ಕ್ ಬೇಟೆಯೊಂದನ್ನು ನೋಡಿ, ಅಲ್ಲಿ ಪೈಪೋಟಿ ಬಹಳ ಕಮ್ಮಿ. ಸಿಕ್ಕರೆ ಐದು ಪಾಯಿಂಟ್ ಹೋಗುತ್ತವೆ, ಲಾಯಲ್ಟಿಯದೂ ಕೋರ್ಸಿನದೂ ಉಳಿಯುತ್ತವೆ. ಪಾಯಿಂಟ್ ಕಳೆದುಕೊಳ್ಳಲು ಮನಸ್ಸಿಲ್ಲವೇ? ಲಾಟರಿ ಮುಗಿದ ಮೇಲೆ ಉಳಿಯುವ ಲೆಫ್ಟ್‌ಓವರ್ ಟ್ಯಾಗ್‌ಗಳಿಗೆ ಕಾಯಿರಿ. ಅವು ಮೊದಲು ಬಂದವರಿಗೆ, ಅದಕ್ಕೆ ಪಾಯಿಂಟ್ ಖರ್ಚಾಗುವುದಿಲ್ಲ. ಆ ಆಫೀಸಿನ ಹುಡುಗ ಬೇಟೆಗೆ ಹೊರಟರೆ ಜೊತೆಗೆ ಹೋಗಿ ಬನ್ನಿ. ಬಂದೂಕು ಮುಟ್ಟದೆ ಜೊತೆಗಿದ್ದು ನೋಡಲು ಟ್ಯಾಗ್ ಬೇಡ. ಹೊಡೆದ ಮೇಲೆ ಮಾಂಸ ಬೆಟ್ಟದಿಂದ ಹೊತ್ತು ತರಲು ಅವನಿಗೂ ಇನ್ನೊಂದು ಜೋಡಿ ಹೆಗಲು ಬೇಕಾಗುತ್ತದೆ.